‘ಚಾರುಲತಾ’: ಒಂದು ಚಲಚ್ಚಿತ್ರದಲ್ಲಿ ಕಾಲನಿರ್ದೇಶವೂ ಅಂತಃಪುರದ ಒಂಟಿತನವೂ

ಚಲಚ್ಚಿತ್ರವನ್ನು ಇತಿಹಾಸದ ಅಧ್ಯಯನಕ್ಕೆ ಒಂದು ಆಕರವೆಂದು ಎಣಿಸುವ ವಾಡಿಕೆ ನಮ್ಮ ಇತಿಹಾಸ ವಿಭಾಗಗಳಲ್ಲಿ ಇನ್ನೂ ಚೆನ್ನಾಗಿ ಬೇರೂರಿಲ್ಲ. ಶಾಸನ, ಕಡತ, ಪ್ರವಾಸಕಥನ, ಪತ್ರವ್ಯವಹಾರ ಇವುಗಳ ಮೇಲೆ ನಮಗಿರುವ ವಿಶ್ವಾಸ ಬೆಳ್ಳಿತೆರೆಯ ಮೇಲೆ ಇಲ್ಲ. ಇರಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ಆದರೆ ಕೆಲವು ಚಿತ್ರಗಳು ತಾವು ಚಿತ್ರಿಸುವ ಕಾಲವನ್ನು ಕುರಿತು ಒಂದು ವಾದವನ್ನೇ ಮುಂದಿಡುತ್ತವೆ. ಅಂಥ ವಾದವನ್ನು, ಬೇರೆ ಯಾವ ಇತಿಹಾಸಕಾರನ ವಾದವನ್ನು ಪರೀಕ್ಷಿಸುವಂತೆಯೇ, ತಾರೀಖುಗಳನ್ನೂ ಸಾಕ್ಷ್ಯವನ್ನೂ ಹಿಡಿದು ಪರೀಕ್ಷಿಸಬಹುದು. ಸತ್ಯಜಿತ್ ರಾಯ್ ಅವರು 1964ರಲ್ಲಿ ತಯಾರಿಸಿದ ‘ಚಾರುಲತಾ’ ಎಂಬ ಬಂಗಾಳಿ ಚಿತ್ರ ಈ ಜಾತಿಗೆ ಸೇರಿದ್ದು. ಅದನ್ನು ಪ್ರೇಮಕಥೆಯೆಂದು ನೋಡಿ ಮೆಚ್ಚಿದವರು ಬಹಳ. ನಾನೂ ಮೊದಲು ಹಾಗೆಯೇ ನೋಡಿದವನು. ಅದರೊಳಗಿನ ಚರಿತ್ರಾಂಶ ಎಷ್ಟು, ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಪ್ರಕೃತ ಲೇಖನದ ವಿಷಯ.

ಚಿತ್ರದ ಮೂಲ ರವೀಂದ್ರನಾಥ ಠಾಕೂರರ ‘ನಷ್ಟನೀಡ’ ಎಂಬ ನೀಳ್ಗತೆ. ಅದು 1901ರಲ್ಲಿ ‘ಭಾರತಿ’ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಕಥೆಯನ್ನು ಹೇಳಿ ಮುಗಿಸಲು ನಾಲ್ಕು ವಾಕ್ಯ ಸಾಕು. ಕಲ್ಕತ್ತೆಯ ಧನಿಕ ಗೃಹಸ್ಥನಾದ ಭೂಪತಿಗೆ ದುಡಿದು ತಿನ್ನಬೇಕಾದ ಅಗತ್ಯವಿಲ್ಲ; ಆದುದರಿಂದ ಒಂದು ಇಂಗ್ಲಿಷ್ ವೃತ್ತಪತ್ರಿಕೆಯನ್ನು ಹೊರಡಿಸಿ ಅದರಲ್ಲಿಯೇ ಮುಳುಗಿದ್ದಾನೆ. ಮಕ್ಕಳಿಲ್ಲದ, ಓದುಬರೆಹ ಬಲ್ಲ ಹೆಂಡತಿ ಚಾರುಲತೆಗೆ ಒಳಮನೆಯಲ್ಲಿ ಹಗಲು ಸಾಗುವುದಿಲ್ಲ. ಭೂಪತಿಯ ಸೋದರತ್ತೆಯ ಮಗ ಅಮಲ, ಸಾಹಿತ್ಯದ ಹುಚ್ಚುಳ್ಳ ತರುಣ, ಮನೆಗೆ ಬರುತ್ತಾನೆ. ಅತ್ತಿಗೆ ಮೈದುನರ ಸಲಿಗೆ ಬೆಳೆದು ಚಾರುವಿನ ಪಾಲಿಗೆ ಅದು ಪ್ರೇಮವಾಗುತ್ತದೆ. ಅಮಲ ಹೊರಟುಹೋಗುತ್ತಾನೆ, ಭೂಪತಿಗೆ ತಡವಾಗಿ ನಿಜ ತಿಳಿಯುತ್ತದೆ, ಗೂಡು ಮುರಿಯುತ್ತದೆ.

ಚಿತ್ರದಲ್ಲಿ ಮಾಧವಿ ಮುಖರ್ಜಿ ಚಾರುವಿನ ಪಾತ್ರವನ್ನೂ, ಶೈಲೇನ್ ಮುಖರ್ಜಿ ಭೂಪತಿಯ ಪಾತ್ರವನ್ನೂ, ಸೌಮಿತ್ರ ಚಟರ್ಜಿ ಅಮಲನ ಪಾತ್ರವನ್ನೂ ವಹಿಸಿದ್ದಾರೆ. ಛಾಯಾಗ್ರಹಣ ಸುಬ್ರತ ಮಿತ್ರ ಅವರದು, ಕಲಾನಿರ್ದೇಶನ ಬನ್ಸಿ ಚಂದ್ರಗುಪ್ತ ಅವರದು, ಸಂಗೀತ ಸ್ವತಃ ರಾಯ್ ಅವರದು. 1965ರ ಬರ್ಲಿನ್ ಉತ್ಸವದಲ್ಲಿ ನಿರ್ದೇಶನಕ್ಕಾಗಿ ಇದಕ್ಕೆ ಬೆಳ್ಳಿಯ ಕರಡಿ ದೊರೆಯಿತು. ತಮ್ಮ ಚಿತ್ರಗಳಲ್ಲೆಲ್ಲ ದೋಷಗಳು ಅತ್ಯಂತ ಕಡಿಮೆಯಿರುವುದು ಇದರಲ್ಲೇ, ಮತ್ತೆ ಮಾಡಬೇಕಾಗಿ ಬಂದರೂ ಹೀಗೆಯೇ ಮಾಡುವೆನೆಂದು ರಾಯ್ ಹೇಳುತ್ತಿದ್ದರು.

ಚಿತ್ರದ ಮೊದಲ ಕೆಲವು ನಿಮಿಷಗಳನ್ನು ಇಲ್ಲಿ ಕೊಂಚ ವಿವರವಾಗಿ ನೆನೆಯಬೇಕಾಗಿದೆ. ಚಾರು ಒಂದು ಕರವಸ್ತ್ರದ ಮೇಲೆ ಗಂಡನ ಹೆಸರಿನ ಮೊದಲ ಅಕ್ಷರವನ್ನು, ಇಂಗ್ಲಿಷಿನಲ್ಲಿ, ಕಸೂತಿ ಹಾಕುತ್ತಿದ್ದಾಳೆ. ಕಸೂತಿ ಮುಗಿಯುತ್ತದೆ, ಹಗಲು ಮುಗಿಯುವುದಿಲ್ಲ. ಎದ್ದು ಕಪಾಟಿನಿಂದ ಬಂಕಿಮಚಂದ್ರರ ಕಾದಂಬರಿಯೊಂದನ್ನು, ಅವರ ಹೆಸರನ್ನು ರಾಗವಾಗಿ ಗುನುಗುತ್ತ, ಹುಡುಕಿ ತೆಗೆಯುತ್ತಾಳೆ. ಬೀದಿಯಲ್ಲಿ ಏನೋ ಸದ್ದು. ಕೈಹಿಡಿಯುಳ್ಳ ಪುಟ್ಟ ದುರ್ಬೀನನ್ನು ತಂದು ಒಂದು ಕಿಟಕಿಯ ಜಾಲರಿಯ ಪಟ್ಟಿಗಳನ್ನು ತೆರೆದು ನೋಡುತ್ತಾಳೆ, ಅಲ್ಲಿಂದ ಇನ್ನೊಂದು ಕಿಟಕಿಗೆ, ಮತ್ತೊಂದಕ್ಕೆ. ಕೊಡೆ ಹಿಡಿದು ನಡೆದುಹೋಗುವ ಸ್ಥೂಲಕಾಯನೊಬ್ಬನನ್ನು ಮನೆಯ ಉದ್ದಕ್ಕೂ ಹಿಂಬಾಲಿಸುತ್ತಾಳೆ. ಅಷ್ಟರಲ್ಲಿ ಭೂಪತಿ ಒಳಗೆ ಬರುತ್ತಾನೆ, ಪುಸ್ತಕದಲ್ಲಿ ಕಣ್ಣು ನೆಟ್ಟು ಅವಳ ಪಕ್ಕದಲ್ಲಿಯೇ ಹಾದುಹೋಗುತ್ತಾನೆ, ಅವಳು ಇದ್ದಾಳೆಂಬುದನ್ನೂ ಗಮನಿಸುವುದಿಲ್ಲ. ಆಗ ಚಾರು ಅದೇ ದುರ್ಬೀನನ್ನು ಕಣ್ಣಿಗೆ ಹಿಡಿದು ದೂರ ಸಾಗುತ್ತಿರುವ ಗಂಡನನ್ನು ನೋಡುತ್ತಾಳೆ. ಇಷ್ಟೂ ಹೊತ್ತು ಮಾತು ಇಲ್ಲವೆಂದೇ ಹೇಳಬಹುದು. ಬೀದಿಯ ಅಪರಿಚಿತನೂ ಮನೆಯ ಯಜಮಾನನೂ ಅವಳ ದೃಷ್ಟಿಗೆ ಒಂದೇ ದೂರದಲ್ಲಿದ್ದಾರೆ.

ಈ ದೃಶ್ಯವನ್ನು ಕಲೆಯ ದೃಷ್ಟಿಯಿಂದ ಹೊಗಳಿದವರು ಅನೇಕರು. ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಕಾಣಬೇಕಾದದ್ದು ಆ ಕೋಣೆಯ ಸರಂಜಾಮು: ಇಂಗ್ಲಿಷ್ ಅಕ್ಷರ, ಬಂಕಿಮರ ಬಂಗಾಳಿ ಕಾದಂಬರಿ, ವಿಲಾಯಿತಿಯ ದುರ್ಬೀನು, ಚಿತ್ರವಿಚಿತ್ರ ಕಾಗದವಂಟಿಸಿದ ಗೋಡೆ, ಜಾಲರಿಯ ಕಿಟಕಿ. ಇವೆಲ್ಲ ಒಂದೇ ಮನೆಯಲ್ಲಿ ಕೂಡಿಬರಬಹುದಾದ ಕಾಲ ಬಹಳ ವಿಸ್ತಾರವಾದದ್ದಲ್ಲ. ರವೀಂದ್ರರ ಕಥೆಯಲ್ಲಿ ಇಸವಿಯ ಸೂಚನೆಯಿಲ್ಲ. ಭೂಪತಿಯು ಭಾರತ ಸರ್ಕಾರದ ಗಡಿನೀತಿಯ ವಿಚಾರದಲ್ಲಿ ಮಗ್ನನಾಗಿದ್ದನೆಂಬ ಮಾತು ಮಾತ್ರ ಬರುತ್ತದೆ. ರಾಯ್ ಅವರು ಈ ಸಣ್ಣ ಎಳೆಯನ್ನು ಹಿಡಿದು ಕಥೆಯನ್ನು 1879–80ಕ್ಕೆ ಕಟ್ಟಿ ನಿಲ್ಲಿಸಿದರು. ನನ್ನ ಅಭಿಪ್ರಾಯದಲ್ಲಿ ಚಿತ್ರದ ಅತಿ ಮುಖ್ಯವಾದ ನಿರ್ಧಾರ ಇದೇ.

ಆ ಕಾಲ ಯಾವುದು? ಲಾರ್ಡ್ ಲಿಟನ್ ವೈಸರಾಯನಾಗಿದ್ದ ಕೊನೆಯ ವರ್ಷಗಳು. ಕನ್ನಡನಾಡಿನವರಿಗೆ ಲಿಟನ್ನನ ಕಾಲವೆಂದರೆ ಮೊದಲು ನೆನಪಾಗುವುದು ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮ. ಮೈಸೂರು ಸೀಮೆಯಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ 1877ರ ಜನವರಿಯಲ್ಲಿ ದೆಹಲಿಯಲ್ಲಿ ದರ್ಬಾರು ನಡೆಯಿತು. ಕಲ್ಕತ್ತೆಯ ವಿದ್ಯಾವಂತರಿಗಾದರೋ ಲಿಟನ್ ಎಂದರೆ 1878ರ ಮಾರ್ಚ್ ತಿಂಗಳಿನ ದೇಶಭಾಷಾ ಪತ್ರಿಕಾ ಶಾಸನ. ದೇಶಭಾಷೆಗಳ ಪತ್ರಿಕೆಗಳಿಂದ ಮುಚ್ಚಳಿಕೆ ಬರೆಸಿಕೊಳ್ಳುವ, ಠೇವಣಿ ಇಡಿಸಿಕೊಳ್ಳುವ, ಮುದ್ರಣಯಂತ್ರವನ್ನೇ ಮುಟ್ಟುಗೋಲು ಹಾಕುವ ಅಧಿಕಾರ ಅದರಿಂದ ಸರ್ಕಾರಕ್ಕೆ ದೊರೆಯಿತು. ಇಂಗ್ಲಿಷ್ ಪತ್ರಿಕೆಗಳಿಗೆ ಅದು ತಗಲುತ್ತಿರಲಿಲ್ಲ. ‘ಅಮೃತ ಬಜಾರ್ ಪತ್ರಿಕಾ’ ಬಂಗಾಳಿಯನ್ನು ಬಿಟ್ಟು ಒಮ್ಮೆಗೇ ಇಂಗ್ಲಿಷ್ ಪತ್ರಿಕೆಯಾದದ್ದು ಈ ಕಾರಣದಿಂದಲೇ. ಅದೇ ವರ್ಷದ ಕೊನೆಯಲ್ಲಿ ಎರಡನೆಯ ಆಫ್ಘನ್ ಯುದ್ಧ ಆರಂಭವಾಯಿತು. ಸಿವಿಲ್ ಸರ್ವಿಸ್ ಪರೀಕ್ಷೆಗೆ ಕೂರುವ ವಯಸ್ಸನ್ನು ಹತ್ತೊಂಬತ್ತಕ್ಕೆ ಇಳಿಸಿದ್ದನ್ನು ವಿರೋಧಿಸಿ ಸುರೇಂದ್ರನಾಥ ಬ್ಯಾನರ್ಜಿಯವರು ದೇಶ ಸುತ್ತಿದರು. 1879ರಲ್ಲಿ ಲಾಲಮೋಹನ ಘೋಷರು ಆ ಅಹವಾಲನ್ನು ಹೊತ್ತು ಇಂಗ್ಲೆಂಡಿಗೆ ಹೋದರು.

ಈ ಹಿನ್ನೆಲೆಯನ್ನು ಅರಿತರೆ ಭೂಪತಿಯ ‘ಸೆಂಟಿನೆಲ್’ ಪತ್ರಿಕೆ ಇಂಗ್ಲಿಷಿನಲ್ಲೇ ಏಕಿದೆ ಎಂಬುದು ತಿಳಿಯುತ್ತದೆ. ಅದು ಬರಿಯ ಆಂಗ್ಲವ್ಯಾಮೋಹವಲ್ಲ. ಆ ಎರಡು ಮೂರು ವರ್ಷಗಳಲ್ಲಿ ಸರ್ಕಾರವನ್ನು ಟೀಕಿಸಬೇಕೆನ್ನುವ ಭಾರತೀಯನಿಗೆ ಕಾನೂನು ಬಿಟ್ಟುಕೊಟ್ಟಿದ್ದ ಭಾಷೆ ಇಂಗ್ಲಿಷೇ ಆಗಿತ್ತು. ಆದರೆ ಆ ಭಾಷೆಯ ಬಾಗಿಲಿನಾಚೆ ಚಾರು ಉಳಿದಳು. ಅವಳದು ಬಂಗಾಳಿಯ ಲೋಕ, ಅವನದು ಇಂಗ್ಲಿಷಿನ ಲೋಕ. ಇವೆರಡರ ನಡುವಣ ಗೋಡೆಯನ್ನು ಎತ್ತರಿಸುವುದರಲ್ಲಿ ಲಿಟನ್ನನ ಶಾಸನದ ಕೈವಾಡವೂ ಇತ್ತೆಂದರೆ ಅತಿಶಯೋಕ್ತಿಯಾಗಲಾರದು. ಒಬ್ಬ ಹೆಣ್ಣಿನ ಒಂಟಿತನಕ್ಕೆ ವೈಸರಾಯನನ್ನು ಹೊಣೆ ಮಾಡುವುದೆ ಎಂದು ವಾಚಕರು ನಗಬಹುದು. ಹೊಣೆಯ ಮಾತನ್ನು ನಾನು ಆಡುತ್ತಿಲ್ಲ. ರಾಜಕೀಯದ ಒಂದು ನಿರ್ಬಂಧ ಒಳಮನೆಯ ಮೌನದವರೆಗೆ ಹರಿದುಬರುವ ದಾರಿಯನ್ನು ಚಿತ್ರ ಕಾಣಿಸುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

1880ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಚುನಾವಣೆಯಲ್ಲಿ ಉದಾರಪಕ್ಷ ಗೆದ್ದು ಗ್ಲಾಡ್‌ಸ್ಟನ್ ಪ್ರಧಾನಿಯಾದ. ಚಿತ್ರದಲ್ಲಿ ಭೂಪತಿಯ ಗೆಳೆಯರು ಆ ಸುದ್ದಿಗೆ ಔತಣ ಕೂಡಿಸಿ ಸಂಗೀತದ ಬೈಠಕ್ಕು ನಡೆಸುತ್ತಾರೆ. ಕೆಳಗೆ ಈ ಉತ್ಸವ ನಡೆದಿರುವಾಗ ಮೇಲೆ ಚಾರು ಇರುವ ಸ್ಥಿತಿ ಬೇರೆ. ನೋಡುವವರಿಗೆ ಆ ವಿದ್ಯಾವಂತರ ಸಡಗರ ಹಾಸ್ಯಾಸ್ಪದವಾಗಿ ತೋರುವುದು ಸಹಜ. ಅನೇಕರು ಹಾಗೆಂದೇ ಬರೆದಿದ್ದಾರೆ. ಆದರೆ ಈ ನಗೆ ಅಷ್ಟು ನ್ಯಾಯವಾದುದಲ್ಲವೆಂದು ನನ್ನ ಎಣಿಕೆ. ಪತ್ರಿಕಾ ಶಾಸನವನ್ನು 1878ರಲ್ಲಿಯೇ ಪಾರ್ಲಿಮೆಂಟಿನಲ್ಲಿ ಗ್ಲಾಡ್‌ಸ್ಟನ್ ಪ್ರತಿಭಟಿಸಿದ್ದ. ಅವನು ಕಳುಹಿಸಿದ ರಿಪನ್ 1882ರಲ್ಲಿ ಅದನ್ನು ರದ್ದುಗೊಳಿಸಿದ, ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದ. ಅಂದಮೇಲೆ ಭೂಪತಿಯ ಹರ್ಷಕ್ಕೆ ಆಧಾರವಿತ್ತು. ಆ ಉದಾರವಾದದ ಮಿತಿ ಗೊತ್ತಾದದ್ದು 1883ರ ಇಲ್ಬರ್ಟ್ ಮಸೂದೆಯ ಗಲಭೆಯಲ್ಲಿ. ಅದು ಚಿತ್ರದ ಕಾಲದಿಂದಾಚೆಯ ಮಾತು. ಭೂಪತಿ ಮೂರ್ಖನಲ್ಲ. ದೂರದ ಲಂಡನ್ನಿನ ಸುದ್ದಿಯನ್ನು ಸರಿಯಾಗಿಯೇ ಓದಿದವನು ಹತ್ತು ಮೊಳ ದೂರದ ಕೋಣೆಯ ಸುದ್ದಿಯನ್ನು ಓದಲಾರದೆ ಹೋದನೆಂಬುದರಲ್ಲಿ ಅವನ ದುರಂತವಿದೆ. ರಾಯ್ ಅವರೂ ಅವನನ್ನು ಎಲ್ಲಿಯೂ ಕೀಳಾಗಿ ಕಾಣಿಸಿಲ್ಲ. ಪತ್ರಿಕೆಯ ಹಣವನ್ನು ಚಾರುವಿನ ಅಣ್ಣ ಉಮಾಪದನೇ ಲಪಟಾಯಿಸಿ ಹೋದಾಗ ಭೂಪತಿ ದುಃಖಿಸುವುದು ಹಣಕ್ಕಲ್ಲ, ನಂಬಿಕೆ ಹೋದದ್ದಕ್ಕೆ. ಆ ಮಾತನ್ನು ಕೇಳಿದ ಅಮಲ ತಾನೂ ಅದೇ ಬಗೆಯ ದ್ರೋಹದ ಅಂಚಿನಲ್ಲಿರುವುದನ್ನು ಕಂಡುಕೊಂಡು ಆ ರಾತ್ರಿಯೇ ಮನೆ ಬಿಡುತ್ತಾನೆ.

ಕಾಲನಿರ್ದೇಶದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ನಿರ್ದೇಶಕರು ಹಾಡುಗಳಲ್ಲಿ ಮಾತ್ರ ಸಡಿಲಬಿಟ್ಟಿದ್ದಾರೆ. ಉಯ್ಯಾಲೆಯ ಮೇಲೆ ಚಾರು ಹಾಡಿಕೊಳ್ಳುವ ಗೀತೆ ರವೀಂದ್ರರ ‘ಕಾಲಮೃಗಯಾ’ ಎಂಬ ಗೀತನಾಟಕದ್ದು, 1882ರದು. ಅದರ ಧಾಟಿ ಸ್ಕಾಟ್ಲೆಂಡಿನ ಒಂದು ಜನಪ್ರಿಯ ಗೀತೆಯಿಂದ ಬಂದದ್ದು. ಅಮಲ ಹಾಡುವ, ವಿದೇಶಿನಿಯನ್ನು ಕುರಿತ ಗೀತೆ 1895ರದು. ತೆರೆಯ ಹಿಂದೆ ಅದನ್ನು ಹಾಡಿದವರು ಕಿಶೋರ್ ಕುಮಾರ್. ಎಂದರೆ 1880ರ ಅಮಲ ಇನ್ನೂ ಹುಟ್ಟದ ಹಾಡನ್ನು ಹಾಡುತ್ತಿದ್ದಾನೆ. ತಾರೀಖು ಹಿಡಿದು ಜಗಳವಾಡುವ ನಮ್ಮಂಥವರಿಗೆ ಇದು ಒಂದು ಹಬ್ಬವೇ ಸರಿ. ಆದರೆ ಇನ್ನೊಂದು ತಾರೀಖನ್ನೂ ಇದರ ಜೊತೆಗಿಟ್ಟು ನೋಡಬೇಕು. 1878ರ ಶರತ್ಕಾಲದಿಂದ 1880ರ ಆರಂಭದವರೆಗೆ ರವೀಂದ್ರರು ಇಂಗ್ಲೆಂಡಿನಲ್ಲಿದ್ದರು. ಪಾಶ್ಚಾತ್ಯ ಧಾಟಿಗಳನ್ನು ಕಿವಿಗೆ ತುಂಬಿಕೊಂಡದ್ದು ಅಲ್ಲಿಯೇ. ಚಿತ್ರದ ಕಾಲಕ್ಕೆ ಸರಿಯಾಗಿ ಹತ್ತೊಂಬತ್ತರ ತರುಣ ಕವಿಯೊಬ್ಬ ಆ ಸ್ವರಗಳನ್ನು ಹೊತ್ತು ಕಲ್ಕತ್ತೆಗೆ ಹಿಂದಿರುಗಿದ್ದ. ಅಮಲನ ಗಂಟಲಲ್ಲಿ ರಾಯ್ ಕೇಳಿಸುವುದು ಆ ತರುಣನನ್ನು.

ಇದರಿಂದ ಕಾದಂಬರೀ ದೇವಿಯವರ ವಿಚಾರಕ್ಕೆ ಬರಬೇಕಾಗುತ್ತದೆ. ರವೀಂದ್ರರ ಅಣ್ಣ ಜ್ಯೋತಿರಿಂದ್ರನಾಥರನ್ನು 1868ರಲ್ಲಿ ಮದುವೆಯಾಗಿ ಬಂದ ಈ ಅತ್ತಿಗೆ ವಯಸ್ಸಿನಲ್ಲಿ ರವೀಂದ್ರರಿಗಿಂತ ಎರಡು ವರ್ಷದಷ್ಟು ಹಿರಿಯರು, ಆಟಪಾಠಗಳಲ್ಲಿ ಒಡನಾಡಿ, ಅವರ ಆರಂಭದ ಕವಿತೆಗಳಿಗೆ ಮೊದಲ ವಾಚಕರು. 1883ರ ಡಿಸೆಂಬರಿನಲ್ಲಿ ರವೀಂದ್ರರ ವಿವಾಹವಾಯಿತು. 1884ರ ಏಪ್ರಿಲಿನಲ್ಲಿ ಕಾದಂಬರೀ ದೇವಿ ಆತ್ಮಹತ್ಯೆ ಮಾಡಿಕೊಂಡರು. ‘ನಷ್ಟನೀಡ’ದ ಹಿಂದೆ ಈ ನೆನಪು ಇದೆಯೆಂದು ನಂಬುವವರು ಅನೇಕರು, ರಾಯ್ ಅವರೂ ಹಾಗೆ ನಂಬಿದ್ದರು. ಇರಬಹುದು. ಆದರೆ ಕಥೆಯನ್ನು ಜೀವನಚರಿತ್ರೆಯ ಬೀಗದ ಕೈಯೆಂದು ಬಳಸುವವರು ಎರಡನ್ನೂ ಕೆಡಿಸುತ್ತಾರೆ. ಈ ಊಹಾಪೋಹಕ್ಕೆ ನಾನು ಇದಕ್ಕಿಂತ ಹೆಚ್ಚು ಸ್ಥಳ ಕೊಡಲಾರೆ.

ಹೆಚ್ಚು ಫಲಕಾರಿಯಾದ ದಾರಿ ಚಾರುವಿನ ಓದುಬರೆಹದ್ದು. ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳಿಗಾಗಿ ಬೆಥೂನ್ ಶಾಲೆ ತೆರೆದದ್ದು 1849ರಲ್ಲಿ. ‘ಬಾಮಾಬೋಧಿನಿ ಪತ್ರಿಕಾ’ 1863ರಲ್ಲಿಯೂ, ದ್ವಾರಕಾನಾಥ ಗಂಗೋಪಾಧ್ಯಾಯರ ‘ಅಬಲಾಬಾಂಧವ’ 1869ರಲ್ಲಿಯೂ ಹೊರಟವು. ರಾಸಸುಂದರೀ ದೇವಿ ಎಂಬ ಹಳ್ಳಿಯ ಗೃಹಿಣಿ, ‘ಚೈತನ್ಯ ಭಾಗವತ’ದ ಒಂದು ಗರಿಯನ್ನು ಅಡಿಗೆಮನೆಯಲ್ಲಿ ಬಚ್ಚಿಟ್ಟುಕೊಂಡು ಯಾರಿಗೂ ತಿಳಿಯದಂತೆ ಅಕ್ಷರ ಕಲಿತವಳು, ತನ್ನ ಆತ್ಮಕಥೆಯನ್ನು ಪ್ರಕಟಿಸಿದ್ದು 1876ರಲ್ಲಿ. 1883ರಲ್ಲಿ ಕಾದಂಬಿನೀ ಗಂಗೋಪಾಧ್ಯಾಯ ಮತ್ತು ಚಂದ್ರಮುಖೀ ಬಸು ಪದವೀಧರೆಯರಾದರು. ಚಾರು ಈ ಎರಡು ತಲೆಮಾರುಗಳ ನಡುವೆ ನಿಂತಿದ್ದಾಳೆ: ಕದ್ದು ಓದಬೇಕಾದ ಕಾಲ ಕಳೆದಿದೆ, ಹೊರಗೆ ಹೋಗಿ ಓದುವ ಕಾಲ ಇನ್ನೂ ಬಂದಿಲ್ಲ. ಓದು ಬಂದಿದೆ, ಅದನ್ನು ಯಾರೊಡನೆ ಹಂಚಿಕೊಳ್ಳುವುದು? ಗಂಡನಿಗೆ ಕಾವ್ಯದಲ್ಲಿ ರುಚಿಯಿಲ್ಲ. ಜೊತೆಗೆಂದು ಕರೆಸಿದ ಅಣ್ಣನ ಹೆಂಡತಿ ಮಂದಾಕಿನಿಗೆ ಪುಸ್ತಕವೇ ಬೇಡ. ಬಂಕಿಮರು ಹಳೆಯ ಕಾಲದ ಹೆಣ್ಣನ್ನೂ ಹೊಸ ಕಾಲದ ಹೆಣ್ಣನ್ನೂ ಹೋಲಿಸಿ ಬರೆದ ಪ್ರಬಂಧವನ್ನು ನೆನೆದು ಅಮಲ ಇವರಿಬ್ಬರನ್ನೂ ಪ್ರಾಚೀನೆ, ನವೀನೆ ಎಂದು ಹಾಸ್ಯ ಮಾಡುತ್ತಾನೆ. ನವೀನೆ ಎನ್ನಿಸಿಕೊಂಡವಳ ಪಾಡು ಹಾಸ್ಯದ್ದಲ್ಲ. ಅಕ್ಷರವಿಲ್ಲದ ಮಂದಾಕಿನಿಗೆ ಒಂಟಿತನವೂ ಇಲ್ಲ. ಅಕ್ಷರದಿಂದಲೇ ಹುಟ್ಟಿದ ಒಂಟಿತನ ಇದು.

ರಾಯ್ ಅವರಿಗೆ ಈ ಸಂಗತಿಗಳು ಗ್ರಂಥಾಲಯದಿಂದ ಮಾತ್ರ ಬಂದವಲ್ಲ. ಮೇಲೆ ಹೇಳಿದ ದ್ವಾರಕಾನಾಥರು ಅವರ ತಾತ ಉಪೇಂದ್ರಕಿಶೋರರಿಗೆ ಮಾವನವರು; ಕಾದಂಬಿನಿಯವರು ದ್ವಾರಕಾನಾಥರ ಎರಡನೆಯ ಪತ್ನಿ. ಬ್ರಾಹ್ಮ ಸಮಾಜದ ಸ್ತ್ರೀಶಿಕ್ಷಣದ ಚರ್ಚೆಗಳು ಅವರ ಮನೆತನದ ಮಾತುಕತೆಗಳೇ ಆಗಿದ್ದವು.

ಚಾರು ಬರೆಯತೊಡಗುವ ಪ್ರಸಂಗವನ್ನು ನೋಡಬೇಕು. ಅಮಲನದು ಅಲಂಕಾರಪ್ರಚುರವಾದ ಗದ್ಯ; ಅಮಾವಾಸ್ಯೆಯ ಬೆಳಕು ಎಂಬಂಥ ಶೀರ್ಷಿಕೆ. ಚಾರುವೂ ಮೊದಲು ಕೋಗಿಲೆಯ ಕೂಗು ಮೊದಲಾದ ಸವೆದ ವಿಷಯಗಳನ್ನೇ ಎತ್ತಿಕೊಂಡು ಹರಿದುಹಾಕುತ್ತಾಳೆ. ಅನಂತರ ಅವಳ ಮುಖದ ಮೇಲೆ ಒಂದೊಂದಾಗಿ ಚಿತ್ರಗಳು ಹಾಯುತ್ತವೆ: ನದಿ, ದೋಣಿ, ಚರಕದ ಮುಂದೆ ಕುಳಿತ ಮುದುಕಿ, ಜಾತ್ರೆ, ಬಾಣಬಿರುಸು. ತನ್ನ ಹಳ್ಳಿಯನ್ನು ಕುರಿತು ಅವಳು ಬರೆದ ಲೇಖನ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆ ಸಂಚಿಕೆಯನ್ನು ಸುರುಳಿ ಸುತ್ತಿ ಅಮಲನ ತಲೆಗೆ ಹೊಡೆಯುತ್ತಾಳೆ, ಗೆದ್ದೆನೆಂದು ತೋರಿಸುತ್ತಾಳೆ. ಮರುಕ್ಷಣ ಅವನ ಎದೆಗೊರಗಿ ಅಳುತ್ತಾಳೆ, ಇನ್ನು ಮುಂದೆ ಬರೆಯುವುದಿಲ್ಲ ಎನ್ನುತ್ತಾಳೆ. ಪ್ರಕಟಣೆ ಅವಳಿಗೆ ಬೇಕಾಗಿದ್ದದ್ದಲ್ಲ, ಕೇಳುವ ಒಬ್ಬ ಜೀವ ಬೇಕಾಗಿತ್ತು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಅದು ಅರ್ಧ ಸತ್ಯ. ಆ ಲೇಖನದಲ್ಲಿ ಅವಳು ಅಮಲನನ್ನು ಮೀರಿದಳೆಂಬುದೂ, ಅದು ಅಮಲನಿಗೂ ತಿಳಿಯಿತೆಂಬುದೂ ಇನ್ನರ್ಧ. ಆ ಶತಮಾನದ ಹೆಂಗಸರ ಬರೆಹ ಬೇರುಬಿಟ್ಟದ್ದು ಇಂಥ ಕಂಡುಂಡ ನೆನಪುಗಳಲ್ಲಿಯೇ ಎಂಬುದಕ್ಕೆ ರಾಸಸುಂದರಿಯೇ ಸಾಕ್ಷಿ.

ಚಿತ್ರ ಬಿಡುಗಡೆಯಾದಾಗ ಮೂಲವನ್ನು ಬದಲಿಸಿದ್ದಕ್ಕಾಗಿ ಟೀಕೆ ಎದ್ದಿತು. ‘ಪರಿಚಯ’ ಪತ್ರಿಕೆಯಲ್ಲಿ ಅಶೋಕ ರುದ್ರರು ಆಕ್ಷೇಪವೆತ್ತಿದರು. ರಾಯ್ ದೀರ್ಘವಾಗಿಯೇ ಉತ್ತರ ಕೊಟ್ಟು, ಒಂದೊಂದು ಬದಲಾವಣೆಗೂ ಕಾರಣ ಹೇಳಿದರು. ಬಹುಮಟ್ಟಿಗೆ ಆ ಕಾರಣಗಳು ಒಪ್ಪುವಂಥವು. ಆದರೆ ಒಂದು ನಷ್ಟವನ್ನು ಇತಿಹಾಸದ ದೃಷ್ಟಿಯಿಂದ ನಾನು ಎತ್ತಿ ಹೇಳಬೇಕು. ಕಥೆಯಲ್ಲಿ ಅಮಲ ಇಂಗ್ಲೆಂಡಿಗೆ ಹೋಗಿದ್ದಾನೆ, ಪತ್ರವಿಲ್ಲ. ಚಾರು ಗುಟ್ಟಾಗಿ ತನ್ನ ಒಡವೆಯಿಂದ ಹಣ ಒದಗಿಸಿಕೊಂಡು ಅವನಿಗೆ ತಂತಿ ಕಳಿಸುತ್ತಾಳೆ, ಉತ್ತರದ ಶುಲ್ಕವನ್ನೂ ಮುಂಗಡ ಕಟ್ಟಿ. ಕ್ಷೇಮವಾಗಿದ್ದೇನೆಂಬ ಅವನ ಮಾರುತ್ತರ ಭೂಪತಿಯ ಕೈಗೆ ಬೀಳುತ್ತದೆ. ಅಲ್ಲಿಂದ ಅವನಿಗೆ ನಿಜದ ಸುಳಿವು. ಭಾರತಕ್ಕೂ ಇಂಗ್ಲೆಂಡಿಗೂ ಕಡಲಡಿಯ ತಂತಿ 1870ರಲ್ಲಿ ಕೂಡಿತ್ತು. ಸರ್ಕಾರವೂ ವ್ಯಾಪಾರಿಗಳೂ ಪತ್ರಿಕೆಗಳೂ ಬಳಸುತ್ತಿದ್ದ, ಒಂದೊಂದು ಪದಕ್ಕೂ ಹಣ ಎಣಿಸಬೇಕಾಗಿದ್ದ ಆ ತಂತಿಯನ್ನು ಅಂತಃಪುರದ ಒಬ್ಬ ಹೆಂಗಸು ಒಡವೆಯ ಹಣದಿಂದ ಬಳಸಿದಳು. ಗ್ಲಾಡ್‌ಸ್ಟನ್ನನ ಜಯವನ್ನು ಗಂಡನಿಗೆ ಮುಟ್ಟಿಸಬಲ್ಲ ತಂತಿಯೇ ಅವಳ ಗುಟ್ಟನ್ನೂ ಮುಟ್ಟಿಸಿತು. ಚಿತ್ರದಲ್ಲಿ ಇದಿಲ್ಲ. ಅಮಲನ ಕಾಗದವೊಂದು ಬರುತ್ತದೆ, ಚಾರು ಕುಸಿದು ಅಳುತ್ತಾಳೆ, ಭೂಪತಿ ಬಾಗಿಲಲ್ಲಿ ನಿಂತು ನೋಡುತ್ತಾನೆ. ತೆರೆಗೆ ಇದೇ ಸರಿಯಾದ ದಾರಿಯಿರಬಹುದು. ಆದರೂ ಆ ತಂತಿ ಹೋದದ್ದಕ್ಕೆ ನನಗೆ ವ್ಯಸನವಿದೆ.

ಮುಕ್ತಾಯದಲ್ಲಿಯೂ ಎರಡಕ್ಕೂ ಅಂತರವಿದೆ. ಚಿತ್ರದಲ್ಲಿ ಸಮುದ್ರದ ದಂಡೆಯ ಮೇಲೆ ಗಂಡಹೆಂಡಿರು ಹೊಸ ಪತ್ರಿಕೆಯ ಯೋಜನೆ ಹಾಕುತ್ತಾರೆ: ಇಂಗ್ಲಿಷ್ ಭಾಗದಲ್ಲಿ ಅವನ ರಾಜಕೀಯ, ಬಂಗಾಳಿ ಭಾಗ ಅವಳ ಕೈಯಲ್ಲಿ. ಸಲಹೆ ಚಾರುವಿನದೇ. ಎರಡು ಭಾಷೆಗಳ ನಡುವಣ ಗೋಡೆಗೆ ಬಾಗಿಲು ತೆರೆಯುವ ಈ ಕ್ಷಣವನ್ನು ರಾಯ್ ತಾವಾಗಿ ಸೇರಿಸಿದ್ದು ಗಮನಾರ್ಹ. ಕಾಗದ ಬಂದು ಅದೂ ಮುರಿದ ಮೇಲೆ, ಗಾಡಿಯಲ್ಲಿ ಅಲೆದು ಹಿಂದಿರುಗಿದ ಗಂಡನನ್ನು ಚಾರು ಒಳಕ್ಕೆ ಕರೆದು ಕೈಚಾಚುತ್ತಾಳೆ. ಅವನ ಕೈಯೂ ಮುಂದೆ ಬರುತ್ತದೆ. ಎರಡು ಕೈಗಳೂ ಸೇರುವ ಮೊದಲೇ ಚಿತ್ರ ಚಲನೆ ನಿಲ್ಲಿಸುತ್ತದೆ.

ಕಥೆಯಲ್ಲಿಯಾದರೋ ಭೂಪತಿ ಕಲ್ಕತ್ತೆ ಬಿಟ್ಟು ಒಂದು ಪತ್ರಿಕೆಯ ಸಂಪಾದಕತ್ವವನ್ನು ಒಪ್ಪಿಕೊಂಡು ಹೊರಡುತ್ತಾನೆ, ಹೊರಡುವುದು ಮೈಸೂರಿಗೆ. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಇದು ತಿಳಿಯದು. ತನ್ನನ್ನೂ ಕರೆದುಕೊಂಡು ಹೋಗೆಂದು ಚಾರು ಬೇಡುತ್ತಾಳೆ; ಅವನು ಮೊದಲು ಆಗದೆನ್ನುತ್ತಾನೆ, ಅವಳ ಮುಖ ಬಿಳುಪೇರಿದ್ದನ್ನು ಕಂಡು ಬಾ ಎನ್ನುತ್ತಾನೆ; ಆಗ ಬೇಡವೆನ್ನುವವಳು ಅವಳು. ಕೊನೆಯ ಮಾತು ಚಾರುವಿನದು. ಕಥೆ ಅಚ್ಚಾದ 1901ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿ ಬಂದು ಇಪ್ಪತ್ತು ವರ್ಷವಾಗಿತ್ತು, ಎಂ. ವೆಂಕಟಕೃಷ್ಣಯ್ಯನವರಂಥವರು ಅಲ್ಲಿ ಪತ್ರಿಕಾವೃತ್ತಿಯನ್ನು ನೆಲೆಗೊಳಿಸಿದ್ದರು. ಬಂಗಾಳದ ಓದುಗರಿಗೆ ಅದು ಇಂಗ್ಲಿಷ್ ಬಲ್ಲ ಸಂಪಾದಕನಿಗೆ ಕೆಲಸ ಸಿಗಬಹುದಾದಷ್ಟು ಪರಿಚಿತವೂ, ಮನೆಯನ್ನು ಮರೆಯಬಹುದಾದಷ್ಟು ದೂರವೂ ಆದ ಊರು. ಲಿಟನ್ನನ ಶಾಸನದ ನೆರಳನ್ನು ದಾಟಿ ಬಂದ ಭೂಪತಿ ಇಲ್ಲಿ ನೆಲೆಸಿದ್ದನಾದರೆ, ಏಳು ವರ್ಷಗಳಲ್ಲಿಯೇ, 1908ರಲ್ಲಿ, ಮೈಸೂರು ಸರ್ಕಾರದ ವೃತ್ತಪತ್ರಿಕಾ ಶಾಸನಕ್ಕೂ ತಲೆಬಾಗಬೇಕಾಗುತ್ತಿತ್ತು.